ಅಗೆಯೋದು ಒಂದೇ ಸಲ!

ಹಂಪಿಗೆ ಹೋಗಿ ಬಂದವರು ಹಾಕುವ ಫೋಟೋಗಳು ಯಾವುವು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಕಲ್ಲಿನ ರಥ, ಉಗ್ರನರಸಿಂಹ, ಕಮಲ ಮಹಲ್, ಆನೆ ಲಾಯ... ಕೊನೆಗೆ ತುಂಗಭದ್ರೆಯಲ್ಲೊಂದು ತೆಪ್ಪ. ಆದರೆ ಹಜಾರರಾಮನ ಗುಡಿಯಿಂದ ಸ್ವಲ್ಪ ದೂರ ನಡೆದರೆ ಇನ್ನೊಂದು ಜಾಗ ಇದೆ. ಅಲ್ಲಿ ಫೋಟೋ ತೆಗೆಯೋರು ಕಮ್ಮಿ, ಯಾಕಂದ್ರೆ ತೆಗೆಯೋಕೆ ಏನೂ ಇಲ್ಲ ಅನ್ನಿಸುತ್ತೆ. ಸಾಲು ಸಾಲು ಕಲ್ಲಿನ ಕಟ್ಟೆಗಳು, ನಾಲ್ಕು ಮೆಟ್ಟಿಲು, ಮೊಣಕಾಲೆತ್ತರದ ಗೋಡೆ, ಅಷ್ಟೇ. ಇಂಗ್ಲಿಷಿನಲ್ಲಿ ಇದರ ಹೆಸರು ನೋಬಲ್‌ಮೆನ್ಸ್ ಕ್ವಾರ್ಟರ್ಸ್. ಪೊಲೀಸ್ ಕ್ವಾರ್ಟರ್ಸ್, ರೈಲ್ವೆ ಕ್ವಾರ್ಟರ್ಸ್ ಇದ್ದ ಹಾಗೆ ವಿಜಯನಗರದ ದೊಡ್ಡ ಮನುಷ್ಯರ ಕ್ವಾರ್ಟರ್ಸ್ :)

ಈ ಕಟ್ಟೆಗಳು ಮೊದಲಿನಿಂದ ಕಣ್ಣಿಗೆ ಕಾಣುತ್ತಿದ್ದವಲ್ಲ. 1980ರ ದಶಕದಲ್ಲಿ ಮಣ್ಣು ಅಗೆದಾಗ ಸಿಕ್ಕ ಮನೆಗಳು ಇವು. ಮನೆ ಅಂದೆ, ಗಮನಿಸಿ. ನಾವು ನೋಡುವುದು ಬುನಾದಿ ಮಾತ್ರ. ಇದರ ಮೇಲೆ ಮರದ ಕಂಬಗಳಿದ್ದವು, ಮಾಳಿಗೆ ಇತ್ತು, ಗಾರೆಯ ಅಲಂಕಾರ ಇತ್ತು. 1565ರ ಯುದ್ಧದ ನಂತರ ಊರು ಹಾಳುಬಿತ್ತು. ಮರ ಬೆಂಕಿಗೆ ಹೋಯಿತೋ ಗೆದ್ದಲಿಗೆ ಹೋಯಿತೋ, ಅಂತೂ ಹೋಯಿತು. ಕಲ್ಲು ಉಳಿಯಿತು.

ಕುರುಗೋಡಿನ ಕಥೆಯೂ ಇದೇ. 12ನೇ ಶತಮಾನದಲ್ಲಿ ಅದು ಸಿಂದರ ರಾಜಧಾನಿ. ಇವತ್ತು ಅಲ್ಲಿಗೆ ಹೋದವರು ನೋಡುವುದು ದೊಡ್ಡಬಸವೇಶ್ವರನನ್ನು, ಹಳೆಯ ಕಲ್ಲಿನ ಗುಡಿಗಳನ್ನು, ಬೆಟ್ಟದ ಮೇಲಿನ ಕೋಟೆಯನ್ನು. ನಮ್ಮ ಹಿಂದಿನವರು ದೇವರಿಗೆ ಕಲ್ಲಿನ ಮನೆ ಕಟ್ಟಿದರು, ತಮಗೆ ಮರ-ಮಣ್ಣಿನ ಮನೆ ಕಟ್ಟಿಕೊಂಡರು. ಹಾಗಾಗಿ ದೇವರು ಎಲ್ಲಿದ್ದ ಅಂತ ನೋಡಿದರೆ ಗೊತ್ತಾಗುತ್ತೆ. ಮನುಷ್ಯ ಎಲ್ಲಿದ್ದ ಅಂತ ತಿಳಿಯೋಕೆ ಅಗೆಯಲೇಬೇಕು.

ಈಗ ಇಂಗ್ಲೆಂಡಿಗೆ ಒಂದು ಸುತ್ತು ಹೋಗಿ ಬರೋಣ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಅದೇ 1509ರಲ್ಲಿ ಅಲ್ಲಿ ಟ್ಯೂಡರ್ ವಂಶದ ಎಂಟನೇ ಹೆನ್ರಿ ಪಟ್ಟಕ್ಕೆ ಬಂದ. ಈ ಹೆನ್ರಿ 1538ರಲ್ಲಿ ಒಂದು ಊರನ್ನೇ ಎಬ್ಬಿಸಿ, ಅದರ ಚರ್ಚನ್ನು ಕೆಡವಿ, ಆ ಜಾಗದಲ್ಲಿ ನಾನ್‌ಸಚ್ ಅನ್ನುವ ಅರಮನೆ ಶುರುಮಾಡಿದ. ಇಂಥದ್ದು ಇನ್ನೊಂದಿಲ್ಲ ಅಂತ ಹೆಸರಿನ ಅರ್ಥ. 1682ರ ಹೊತ್ತಿಗೆ ಅದು ಯಾರ ಕೈಗೆ ಬಂದಿತ್ತೋ ಅವರು ಅದನ್ನು ಕೆಡವಿ ಸಾಮಾನು ಮಾರಿಸಿದರು. ಆಮೇಲೆ ಅಲ್ಲಿ ಬರೀ ಹುಲ್ಲು. 1959ರ ಬೇಸಿಗೆಯಲ್ಲಿ ಮಾರ್ಟಿನ್ ಬಿಡಲ್ ಅನ್ನುವವರು ಅಲ್ಲಿ ಅಗೆದು ಅರಮನೆಯ ಬುನಾದಿಯನ್ನೂ ಅದರಡಿಯಲ್ಲಿ ಆ ಹಳೇ ಚರ್ಚಿನ ಬುನಾದಿಯನ್ನೂ ಹುಡುಕಿದರು. ಗುಂಡಿ ತೋಡುವುದನ್ನು ನೋಡಲಿಕ್ಕೇ 75 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರಂತೆ! ಕೆಲಸ ಮುಗಿದ ಮೇಲೆ ಮತ್ತೆ ಮಣ್ಣು ಮುಚ್ಚಿದರು. ಇವತ್ತು ಆ ಪಾರ್ಕಿಗೆ ಹೋದರೆ ಹುಲ್ಲು, ಒಂದಷ್ಟು ಗುರುತುಗಲ್ಲು. ಆದರೂ ಆ ಅರಮನೆ ಅಲ್ಲಿಯ ಜನರಿಗೆ ಚೆನ್ನಾಗಿ ಗೊತ್ತು. ಕಣ್ಣಿಗೆ ಕಾಣದ ಮನೆ ಅವರಿಗೆ ಗೊತ್ತಿದೆ, ಕಣ್ಣಿಗೆ ಕಾಣುವ ಮನೆ ನಮಗೆ ಗೊತ್ತಿಲ್ಲ. ಇದು ಯಾಕೆ ಹೀಗೆ ಅನ್ನುವುದೇ ನನ್ನ ಪ್ರಶ್ನೆ.

ಉತ್ಖನನ ಅನ್ನುವುದು ವಿಚಿತ್ರ ಕೆಲಸ. ಒಂದು ಪದರ ಮಣ್ಣು ತೆಗೆದ ಮೇಲೆ ಅದನ್ನು ವಾಪಸ್ ಅಲ್ಲೇ ಇಡೋಕಾಗಲ್ಲ. ಯಾವ ಬೋಕಿ ಯಾವ ಬೂದಿಯ ಪಕ್ಕ ಇತ್ತು, ಯಾವ ನೆಲದ ಮೇಲೆ ಯಾವ ಗೋಡೆ ಬಿದ್ದಿತ್ತು, ಇವೆಲ್ಲ ಆ ಹೊತ್ತಿಗೆ ಬರೆದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಓದುತ್ತಾ ಹೋದ ಹಾಗೆ ಡಿಲೀಟ್ ಆಗುವ ಫೈಲ್ ಅದು. ಓದಿದವನು ಬರೆದಿಟ್ಟ ನೋಟ್ಸೇ ಬ್ಯಾಕಪ್. ಹಾಗಾಗಿ ಹಂಪಿಯ ಆ ಮನೆಗಳು ಅರ್ಧ ಕಮಲಾಪುರದ ಹತ್ತಿರ ಇವೆ, ಇನ್ನರ್ಧ ವರದಿಗಳಲ್ಲಿ ಇವೆ.

ವರದಿಗಳೇ ಇಲ್ಲ ಅಂತ ನಾನು ಹೇಳ್ತಿಲ್ಲ. ನಮ್ಮ ಕಡೆ ಅಗೆದವರು ಸೋಮಾರಿಗಳಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನಲ್ಲಿ ಸುಬ್ಬರಾವ್ ಅಗೆದದ್ದು 1946ರಲ್ಲಿ, ಪುಸ್ತಕ ಬಂದದ್ದು 1948ರಲ್ಲಿ. ನಮ್ಮ ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆ ಬೆಟ್ಟದಲ್ಲಿ ಎಂ.ಎಸ್. ನಾಗರಾಜರಾವ್ ಹೊಸ ಶಿಲಾಯುಗದವರ ದುಂಡು ಗುಡಿಸಲುಗಳನ್ನು ಅಗೆದು 1965ರಲ್ಲೇ ವರದಿ ತಂದರು. ಮುಂದೆ ರಾಜ್ಯದ ಪುರಾತತ್ವ ಇಲಾಖೆಯ ನಿರ್ದೇಶಕರಾಗಿ ಹಂಪಿಯ ಉತ್ಖನನದ ಮೊದಲ ಸಂಪುಟವನ್ನು 1983ರಲ್ಲಿ ಸಂಪಾದಿಸಿದವರೂ ಅವರೇ. ನಾನ್‌ಸಚ್‌ನ ಸಾಮಾನುಗಳ ದೊಡ್ಡ ವರದಿ ಬಂದದ್ದು 2005ರಲ್ಲಿ, ಅಗೆದು 46 ವರ್ಷ ಆದ ಮೇಲೆ. ಆ ಲೆಕ್ಕದಲ್ಲಿ ನಮ್ಮವರು ಸೂಪರ್ ಫಾಸ್ಟ್!

ತೊಂದರೆ ಇರೋದು ಆಮೇಲಿನ ದಾರಿಯಲ್ಲಿ. ನಾನು ಮೇಲೆ ಹೇಳಿದ ವರದಿಗಳೆಲ್ಲ ಇಂಗ್ಲಿಷಿನವು. ಕನ್ನಡದಲ್ಲಿ 'ವಿಜಯನಗರ ಅಧ್ಯಯನ' ಅಂತ ಸಂಪುಟಗಳೂ ಬಂದಿವೆ, ಒಳ್ಳೆಯ ಕೆಲಸ. ಆದರೆ ಅವು ವಿದ್ವಾಂಸರು ವಿದ್ವಾಂಸರಿಗೆ ಬರೆದವು. ತೆಕ್ಕಲಕೋಟೆಯ ಹೈಸ್ಕೂಲ್ ಹುಡುಗಿಯೊಬ್ಬಳಿಗೆ ತನ್ನ ಊರ ಬೆಟ್ಟದ ಮೇಲೆ ಮೂರೂವರೆ ಸಾವಿರ ವರ್ಷದ ಹಿಂದೆ ಮನೆ ಇತ್ತು, ಹೀಗಿತ್ತು, ಹೀಗೆ ಕಟ್ಟಿದ್ದರು ಅಂತ ಅವಳ ಭಾಷೆಯಲ್ಲಿ ನಾಲ್ಕು ಪುಟದಲ್ಲಿ ಹೇಳೋರು ಬೇಕು.

"ಅಯ್ಯೋ, ಅದನ್ನೆಲ್ಲ ಯಾರ್ರೀ ಓದ್ತಾರೆ?" ಅನ್ನುವವರಿಗೆ ಒಂದು ಮಾತು. ಆ ಶ್ರೀಮಂತರ ಮನೆಗಳ ನಕ್ಷೆ ನೋಡಿ. ಒಂದರ ಮೇಲೊಂದು ಏರುವ ಕಟ್ಟೆಗಳು. ಹೊರಗಿನವರಿಗೆ ತಗ್ಗಿನ ಜಾಗ, ಒಳಗೆ ಹೋದಂತೆ ಎತ್ತರ. ನಮ್ಮ ಸೀಮೆಯ ಹಳೆಯ ಮಾಳಿಗೆ ಮನೆಗಳು ನೆನಪಿವೆಯಾ? ಹೊರಗೆ ಕಟ್ಟೆ, ಬಾಗಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ಜಾಗ, ಮೇಲೆ ಪಡಸಾಲೆ, ಅದರಾಚೆ ಒಳಮನೆ. ಯಾರು ಎಲ್ಲಿಯವರೆಗೆ ಬರಬೇಕು ಅಂತ ನೆಲದ ಎತ್ತರವೇ ಹೇಳುತ್ತಿತ್ತು. ಎರಡೂ ಒಂದೇ ಅಂತ ನಾನು ವಾದ ಮಾಡ್ತಿಲ್ಲ. ಆದರೆ ಅಂಥ ಮನೆಯಲ್ಲಿ ಬಾಳಿದ ಅಜ್ಜಿ ಆ ಕಟ್ಟೆ ನೋಡಿ ಕೇಳುವ ಪ್ರಶ್ನೆಗಳು ನನ್ನಂಥ ಇಂಜಿನಿಯರಿಗೆ ಹೊಳೆಯೋದಿಲ್ಲ. ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳದೇ ಇದ್ದರೆ ಆ ಪ್ರಶ್ನೆಗಳು ಅವಳ ಜೊತೆಗೇ ಹೋಗ್ತವೆ.

ಇನ್ನು ಕೆಲವರು "ಕಟ್ಟೆ ಮೇಲೆ ಮನೆ ಕಟ್ಟಿಬಿಡಿ, ಟೂರಿಸ್ಟ್ ಬರ್ತಾರೆ" ಅಂತಾರೆ. ದಯವಿಟ್ಟು ಬೇಡ ಮಾರಾಯ್ರೇ. ಮೇಲೆ ನಾವು ಕಟ್ಟುವುದು ನಮ್ಮ ಊಹೆ, ಕೆಳಗಿರುವುದು ಅವರ ಕೆಲಸ. ಊಹೆಯನ್ನು ಹಾಳೆಯ ಮೇಲೆ ಬರೆದರೆ ನಾಳೆ ತಿದ್ದಬಹುದು, ಸಿಮೆಂಟಿನಲ್ಲಿ ಬರೆದರೆ ಆಗಲ್ಲ. ಮನೆ ಹೇಗಿದ್ದಿರಬಹುದು ಅನ್ನುವ ಒಂದು ಚಿತ್ರ, ಪಕ್ಕದಲ್ಲಿ ಕನ್ನಡದಲ್ಲಿ ಹತ್ತು ಸಾಲು, ಇಲ್ಲಿ ಸಿಕ್ಕ ಚೀನಾ ಪಿಂಗಾಣಿಯ ಚೂರಿನ ಒಂದು ಫೋಟೋ. ಬೋರ್ಡಿಗೆ ಎಷ್ಟು ಖರ್ಚಾದೀತು?

ಇದೆಲ್ಲ ಈಗಲೇ ಯಾಕೆ ಅಂದರೆ, ಮನೆಗಳು ಕಾಯುತ್ತವೆ, ಬೆಟ್ಟಗಳು ಕಾಯೋದಿಲ್ಲ. ಹಂಪಿಗೆ 1986ರಿಂದ ವಿಶ್ವ ಪರಂಪರೆಯ ಪಟ್ಟ ಇದೆ. ಸಂಗನಕಲ್ಲು-ಕಪ್ಪಗಲ್ಲು ಬೆಟ್ಟಗಳಿಗೆ ಆ ಭಾಗ್ಯ ಇಲ್ಲ. ಅಲ್ಲಿ ಕಲ್ಲು ಗಣಿಗಾರಿಕೆ ಹಳೆಯ ನೆಲೆಯ ಎಷ್ಟೋ ಭಾಗವನ್ನು ಜಲ್ಲಿ ಮಾಡಿ ಕಳಿಸಿದೆ. ಊರವರಿಗೆ ಗೊತ್ತಿರುವ ಬೆಟ್ಟಕ್ಕೆ ಊರವರು ಅಡ್ಡ ನಿಲ್ಲುತ್ತಾರೆ. ಗೊತ್ತೇ ಇಲ್ಲದ ಬೆಟ್ಟಕ್ಕೆ ಯಾರು ನಿಲ್ಲಬೇಕು?

ನಾವು ಕನ್ನಡದಲ್ಲಿ ಟೈಪ್ ಮಾಡೋರು ಇಲ್ಲಿ ಸ್ವಲ್ಪ ಕೈಜೋಡಿಸಬಹುದು. ನಿಮ್ಮ ಊರ ಹತ್ತಿರ ಎಲ್ಲಾದರೂ ಉತ್ಖನನ ಆಗಿದ್ದರೆ ಅದರ ವರದಿ ಹುಡುಕಿ. ಪೂರ್ತಿ ಅನುವಾದ ಬೇಡ. ಯಾರು ಅಗೆದರು, ಯಾವ ವರ್ಷ, ಏನು ಸಿಕ್ತು, ಈಗ ಆ ಜಾಗ ಹೇಗಿದೆ, ಇಷ್ಟನ್ನು ನಮ್ಮದೇ ಮಾತಿನಲ್ಲಿ ಒಂದು ಪುಟ ಬರೆಯೋಣ. ಕನ್ನಡ ವಿಕಿಪೀಡಿಯಾಕ್ಕೂ ಸೇರಿಸೋಣ. ಇಲಾಖೆಯವರು ಹಳೆಯ ಸಂಪುಟಗಳನ್ನೆಲ್ಲ ಉಚಿತವಾಗಿ ಅಂತರ್ಜಾಲದಲ್ಲಿ ಇಡಲಿ ಅಂತ ಕೇಳುವುದನ್ನೂ ಬಿಡೋದು ಬೇಡ. ಸರ್ಕಾರದ ದುಡ್ಡಲ್ಲಿ ಅಗೆದದ್ದು, ಸರ್ಕಾರದ ದುಡ್ಡಲ್ಲಿ ಅಚ್ಚಾದದ್ದು.

ನಾನು ತೆಕ್ಕಲಕೋಟೆಯಿಂದ ಶುರು ಮಾಡ್ತೀನಿ. ಕುರುಗೋಡಿನ ಕಡೆಯವರು ಯಾರಾದರೂ ಇದ್ದೀರಾ?