ಸಾಕ್ಷಿ ಹೇಳದವರ ನಂಬಿಕೆ

ಡಿಸೆಂಬರ್ 31ರ ನಡುರಾತ್ರಿ ಆರಾಧನೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯ ಎಷ್ಟೋ ಸಭೆಗಳಲ್ಲಿ ವಾಗ್ದಾನದ ಕಾರ್ಡುಗಳ ತಟ್ಟೆ ಬರುತ್ತದೆ. ಕೈಗೆ ಸಿಕ್ಕ ವಚನವೇ ಆ ವರ್ಷಕ್ಕೆ ದೇವರು ಕೊಟ್ಟ ಮಾತು. ಒಳ್ಳೆಯ ನಾಳೆಯ ಭರವಸೆ ಕೊಡುವ ಯೆರೆಮೀಯ 29:11 ಬಂದರಂತೂ ಮನೆಮಂದಿಗೆಲ್ಲ ಹಿಗ್ಗು. ದೇವರು ನುಡಿದಂತೆ ನಡೆಯುತ್ತಾನೆ ಎಂಬುದರಲ್ಲಿ ನನ್ನ ತಕರಾರಿಲ್ಲ. ಆ ನುಡಿಗೆ ಗಡುವು ಮಾತ್ರ ನಾವೇ ಬರೆದುಕೊಳ್ಳುತ್ತೇವಲ್ಲ, ಅದರ ಬಗ್ಗೆ ಇದೆ.

ಯೆರೆಮೀಯನ ಆ ವಚನದ ಹಿಂದಿನ ಅಧ್ಯಾಯ ತೆಗೆದು ನೋಡಿ. ಹನನ್ಯನೆಂಬ ಪ್ರವಾದಿ ದೇವಾಲಯದಲ್ಲಿ ನಿಂತು, ಬಾಬೆಲಿನ ನೊಗ ಎರಡೇ ವರ್ಷದಲ್ಲಿ ಮುರಿಯುತ್ತದೆ ಎಂದ. ಜನಕ್ಕೆ ಬೇಕಾಗಿದ್ದೂ ಅದೇ. ಆದರೆ ಯೆರೆಮೀಯ, 29:11 ಇರುವ ಪತ್ರವನ್ನೇ ಬಾಬೆಲಿನ ಸೆರೆಯಲ್ಲಿದ್ದವರಿಗೆ ಬರೆದು, 70 ವರ್ಷ ಎಂದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಎಂದ. ಆ ಪತ್ರ ಕೇಳಿಸಿಕೊಂಡ ಹಿರಿಯರಲ್ಲಿ ಎಷ್ಟು ಮಂದಿ ಊರಿಗೆ ಮರಳಿಯಾರು? ನಮ್ಮ ಗೋಡೆಯ ಮೇಲಿರುವುದು ಯೆರೆಮೀಯನ ವಚನ, ಮನಸ್ಸಿನಲ್ಲಿರುವುದು ಹನನ್ಯನ ಲೆಕ್ಕ.

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ನವರಾತ್ರಿಗೆ ಗೊರವಯ್ಯ ಬಿಲ್ಲೇರಿ ಕಾರ್ಣಿಕವೆಂಬ ಭವಿಷ್ಯವಾಣಿ ನುಡಿದರೆ, ಕೇಳಿದವರು ಅದರಲ್ಲಿ ಮಳೆ, ಬೆಳೆ, ಸರಕಾರ ಎಲ್ಲವನ್ನೂ ಹುಡುಕುತ್ತಾರೆ. ಅದು ಅವರ ಶ್ರದ್ಧೆ, ಅಳೆಯಲು ನಾನು ಯಾರು? ಆದರೆ ಅದನ್ನು ಕಂಡು ನಗುವ ನಮ್ಮವರೇ ಕಾರ್ಡನ್ನೂ ಹಾಗೆಯೇ ಓದುತ್ತಾರೆ.

ಬ್ಯಾಡಗಿ ಪೇಟೆಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರು. ಕಡ್ಡಿ ತಳಿಗೋ ಡಬ್ಬಿ ತಳಿಗೋ ಒಳ್ಳೆ ರೇಟು ಬಿದ್ದರೆ ಭಾನುವಾರ ಸಭೆಯಲ್ಲಿ ಮೈಕಿನ ಮುಂದೆ ಸಾಕ್ಷಿ: ಕರ್ತನು ಮಾತು ಉಳಿಸಿಕೊಂಡನು. ಸಂತೋಷ. 2024ರ ಮಾರ್ಚ್ 11, ಅದೂ ಸೋಮವಾರವೇ, ದರ ಕುಸಿಯಿತೆಂದು ಸಿಟ್ಟಿಗೆದ್ದವರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳು ಉರಿದವು. ದರ ಏರಿದ್ದು ದೇವರ ನಂಬಿಗಸ್ತಿಕೆಗೆ ಪುರಾವೆಯಾದರೆ, ಇಳಿದದ್ದು ಯಾವುದಕ್ಕೆ ಪುರಾವೆ? ಅಂಥ ವಾರದಲ್ಲಿ ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕಿ, ದಲಾಲಿ ಅಂಗಡಿಯ ಮುಂಗಡ ತೀರಿಸಲಾಗದೆ ಬಂದವನು ಹಿಂದಿನ ಸಾಲಿನಲ್ಲಿ ಕೂರುತ್ತಾನೆ. ಮೈಕು ಅವನವರೆಗೆ ಹೋಗುವುದಿಲ್ಲ. ವಿಶ್ವಾಸ ಇನ್ನೂ ಗಟ್ಟಿಯಾಗಬೇಕಪ್ಪಾ ಎಂದು ಬೆನ್ನು ತಟ್ಟುವವರಿಗೇನೂ ಬರವಿಲ್ಲ. ನನ್ನನ್ನು ಕೇಳಿದರೆ, ಕೈಯಲ್ಲಿ ಏನೂ ಇಲ್ಲದೆ ಆರಾಧನೆಗೆ ಬಂದು ಕೂತವನ ವಿಶ್ವಾಸವೇ ಗಟ್ಟಿ.

ಸೋತವರಿಗೂ ಮೈಕು ಕೊಟ್ಟರೆ ಎಳೆಯ ವಿಶ್ವಾಸಿಗಳು ಎಡವುತ್ತಾರೆ ಎನ್ನುತ್ತಾರೆ ಕೆಲವು ಹಿರಿಯರು. ಅವರ ಕಾಳಜಿ ಸುಳ್ಳಲ್ಲ. ಆದರೆ 89ನೇ ಕೀರ್ತನೆಯನ್ನು ಏನು ಮಾಡೋಣ? 37ನೇ ವಚನದವರೆಗೆ ಅದು ದೇವರ ನಂಬಿಗಸ್ತಿಕೆಯ ಹಾಡು, ದಾವೀದನಿಗೆ ಕೊಟ್ಟ ಮಾತು ತಪ್ಪದೆಂಬ ಭರವಸೆ. 38ರಿಂದ ಅದೇ ಬಾಯಿ ತಿರುಗಿ ಬೀಳುತ್ತದೆ: ಒಡಂಬಡಿಕೆಯನ್ನು ನೀನೇ ತೊರೆದೆ, ಆ ಆಣೆಯೆಲ್ಲ ಎಲ್ಲಿ ಹೋಯಿತು? ದೇವರ ಕಡೆಯಿಂದ ಅಲ್ಲಿ ಉತ್ತರ ಬರುವುದಿಲ್ಲ. ಆದರೂ 52ನೇ ವಚನದಲ್ಲಿ ಸ್ತೋತ್ರವಿದೆ, ಆಮೆನ್ ಇದೆ. ಮಾತು ಕೊಟ್ಟವನನ್ನೇ ಹಿಡಿದು ಕೇಳುವುದು ಅಪನಂಬಿಕೆಯೆಂದು ಕಂಡಿದ್ದರೆ ಇಸ್ರಾಯೇಲ್ಯರು ಆ ಹಾಡನ್ನು ಉಳಿಸಿಕೊಳ್ಳುತ್ತಿದ್ದರೇ?

ಕಾರ್ಡು ಅಚ್ಚು ಹಾಕಿಸುವವರಿಗೆ 89ನೇ ಕೀರ್ತನೆ ಗೊತ್ತಿಲ್ಲವೆಂದಲ್ಲ. ಮೊದಲ ವಚನದ ಕಾರ್ಡು ಕಂಡಿದ್ದೇನೆ; 38ನೆಯದು ಇನ್ನೂ ಯಾರ ಕೈಗೂ ಬಂದದ್ದು ಕಂಡಿಲ್ಲ.