ಮಾತೃಭಾಷೆ ಕಾಲಂನಲ್ಲಿ ಏನು ಬರೆಸ್ತೀರಿ?

2011ರ ಜನಗಣತಿಗೆ ನಮ್ಮ ಮನೆಗೆ ಬಂದ ಟೀಚರಮ್ಮ "ಮಾತೃಭಾಷೆ ಯಾವುದು?" ಅಂತ ಕೇಳಿದಾಗ ಅಪ್ಪ ಯೋಚನೆನೇ ಮಾಡದೆ "ತಮಿಳು" ಅಂದ್ರು. ಒಳಗಿಂದ ಅಜ್ಜಿ ಗದರಿದ್ರು: "ನಿನ್ನ ಯಾವ ಭಾಷೇಲಿ ತೂಗಿ ಮಲಗಿಸ್ದೆ, ಮರ್ತೋಯ್ತಾ?" ಅಪ್ಪ ಹೇಳಿದ್ದು: "ಓದೋಕೆ ಬರೆಯೋಕೆ ಬರಲ್ಲ, ಹೆಂಗವ್ವ ಕನ್ನಡ ಅನ್ನೋದು?" ಟೀಚರಮ್ಮ ತಮಿಳು ಅಂತ ಬರ್ಕೊಂಡು ಹೋದ್ರು. ನಾವು ಆರು ಜನ ಕನ್ನಡದ ಲೆಕ್ಕದಿಂದ ಬಿಟ್ಟುಹೋದ್ವಿ.

ಬ್ಯಾಂಕಿನಲ್ಲಿ ದಿನಾ ಫಾರಂ ನೋಡೋಳು ನಾನು. ತುಂಬೋ ಮುಂಚೆ ಸೂಚನೆ ಓದ್ಬೇಕು ಅಂತ ಎಲ್ಲರಿಗೂ ಹೇಳ್ತೀನಿ. ಜನಗಣತಿಯ ಸೂಚನೆ ಪ್ರಕಾರ ಮಾತೃಭಾಷೆ ಅಂದ್ರೆ ಬಾಲ್ಯದಲ್ಲಿ ತಾಯಿ ಮಗುವಿನ ಜೊತೆ ಆಡಿದ ಮಾತು. ಅದಕ್ಕೆ ಲಿಪಿ ಗೊತ್ತಿರಬೇಕು ಅಂತಿಲ್ಲ. ಗೊತ್ತಿರೋ ಇನ್ನೆರಡು ಭಾಷೆ ಬರೆಸೋಕೆ ಬೇರೆ ಕಾಲಂ ಇತ್ತು, ತಮಿಳನ್ನ ಅಲ್ಲಿ ಬರೆಸಬಹುದಿತ್ತು. ಅಜ್ಜಿ ಕೇಳಿದ ಪ್ರಶ್ನೆನೇ ಸರ್ಕಾರದ ಪ್ರಶ್ನೆನೂ ಆಗಿತ್ತು.

ಕೊಯಮತ್ತೂರು, ತಿರುಪ್ಪೂರಿನ ದೇವಾಂಗರು, ಒಕ್ಕಲಿಗರು, ಕುರುಬರು, ಅನುಪ್ಪ ಗೌಂಡರು, ಲಿಂಗಾಯತರು ನಿನ್ನೆ ಮೊನ್ನೆ ಬಸ್ ಹತ್ತಿ ಬಂದೋರಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆ ಮೈಸೂರಿನ ಕೈ ತಪ್ಪಿತು. ಕೊಳ್ಳೇಗಾಲ 1956ರವರೆಗೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಇವತ್ತಿಗೂ ಚೌಡೇಶ್ವರಿ ಮುಂದೆ ಅಲಗು ಸೇವೆ ಮಾಡೋ ನಮ್ಮ ಹುಡುಗರಿಗೆ ಕುಲ ಗೋತ್ರ ಬಾಯಿಪಾಠ. ಮನೆಗೆ ಬಂದು ತಂಗಿ ಜೊತೆ ಆಡೋದು ಮಾತ್ರ ತಮಿಳು.

ನೀಲಗಿರಿ ಕಡೆ ನೋಡಿ. ಬಡಗರಿಗೆ ತಮ್ಮದೇ ಹಳೇ ಲಿಪಿ ಇಲ್ಲ, ಶಾಲೇಲಿ ಕಲಿಯೋದು ತಮಿಳು, ಇಂಗ್ಲಿಷು. ಆದ್ರೂ 2011ರಲ್ಲಿ 1.33 ಲಕ್ಷ ಜನ ಮಾತೃಭಾಷೆ ಬಡಗ ಅಂತ ಬರೆಸಿದ್ರು. ಕುರುಂಬ ಅಂತ ಬರೆಸಿದೋರೂ ಇದ್ದಾರೆ. ಎರಡನ್ನೂ ಜನಗಣತಿ ಕನ್ನಡದ ಗುಂಪಿಗೆ ಸೇರಿಸಿದೆ. ಬಡಗ ಬೇರೆ ಭಾಷೆನೇ ಅನ್ನೋ ಅವರ ವಾದ ಇರಲಿ, ಬೆಟ್ಟದ ಜನ ಮನೆಮಾತಿನ ಹೆಸರು ಹೇಳೋಕೆ ನಾಚ್ಕೊಂಡಿಲ್ಲ.

ಆ ಗಣತೀಲಿ ತಮಿಳುನಾಡಿನ ಕನ್ನಡಿಗರು 1.78%, ಸುಮಾರು 12.8 ಲಕ್ಷ. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಿ ಅನ್ನುತ್ತೆ. ನಾವು ಒಬ್ಬ ಕನ್ನಡ ಮೇಷ್ಟ್ರನ್ನ ಕೇಳೋಕೆ ಹೋದ್ರೆ ಮೊದಲು ಬರೋ ಮಾತು "ನೀವು ಎಷ್ಟು ಜನ ಇದ್ದೀರಿ?"

ಮುಂದಿನ ಎಣಿಕೆ 2027ರ ಫೆಬ್ರವರಿಯಲ್ಲಿ. ಈ ಸಲ ಜಾತಿನೂ ಕೇಳ್ತಾರೆ. ಜಾತಿ ಹೆಸರನ್ನ ಎಲ್ಲರೂ ಗಟ್ಟಿಯಾಗೇ ಹೇಳ್ತೀವಿ, ಅದೇ ದನೀಲಿ ಭಾಷೆನೂ ಹೇಳೋಣ. ಇದು ತಮಿಳಿನ ಮೇಲಿನ ಸಿಟ್ಟಲ್ಲ. ನನಗೆ ಓದು, ಕೆಲಸ ಕೊಟ್ಟಿದ್ದು ತಮಿಳೇ.

ಕಷ್ಟದ ಪ್ರಶ್ನೆ ಬೇರೆ ಇದೆ. ನನಗೆ ಆರು ವರ್ಷದ ಮಗಳಿದ್ದಾಳೆ. ಸೂಚನೆ ಪ್ರಕಾರ ಅವಳ ಮಾತೃಭಾಷೆ ನಾನು ಅವಳ ಜೊತೆ ಆಡೋ ಮಾತು. ಹೋಂವರ್ಕ್, ಊಟ, ಬೈಗುಳ ಎಲ್ಲಾ ಸೇರಿ ಅದು ಈಗ ಅರ್ಧಕ್ಕರ್ಧ ತಮಿಳು. ಕನ್ನಡ ಅಂತ ಬರೆಸಿದ್ರೆ ಅದು ನಿಜ ಆಗಿರಬೇಕಲ್ವಾ? ಅದಕ್ಕೆ ಮಲಗಿಸೋ ಹೊತ್ತಿನ ಮಾತನ್ನ ಪೂರ್ತಿ ಕನ್ನಡ ಮಾಡಿದೀನಿ. ನೀವೂ ಇವತ್ತು ರಾತ್ರಿಯಿಂದ ಶುರು ಮಾಡಿ.