ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ?

ಬಳೇಪೇಟೆಯಲ್ಲಿ ಬಳೆ, ರೇಷ್ಮೆ ಸೀರೆಗಳೊಡನೆ ಹಾರ್ಮೋನಿಯಂ, ತಬಲ, ಮೃದಂಗಗಳ ಅಂಗಡಿಗಳೂ ಇರುವುದು ಸದಸ್ಯರೆಲ್ಲರಿಗೂ ತಿಳಿದ ವಿಷಯವೇ. ಸಮೀಪದ ಗಾಂಧಿನಗರವು ದಶಕಗಳಿಂದ ಕನ್ನಡ ಚಲನಚಿತ್ರ ಹಂಚಿಕೆಯ ಕೇಂದ್ರ. ಆದ್ದರಿಂದ ಮನರಂಜನೆಯೆಂಬುದು ನಮ್ಮ ಪೇಟೆಗೆ ಕೇವಲ ಕಾಲಕ್ಷೇಪವಲ್ಲ, ವ್ಯಾಪಾರವೂ ಹೌದು. ಸ್ಟ್ರೀಮಿಂಗ್ ವೇದಿಕೆಗಳು ಬಂದ ಮೇಲೆ ಈ ವ್ಯಾಪಾರದಲ್ಲಿ ಆಗಿರುವ ಮೂಲಭೂತ ಬದಲಾವಣೆಯನ್ನು ವರ್ತಕರ ದೃಷ್ಟಿಯಿಂದ ಪರಿಶೀಲಿಸುವುದು ಅಗತ್ಯ.

ಕ್ಯಾಸೆಟ್ ಯುಗದಲ್ಲಿ ಯಾವ ಹಾಡು ಓಡುತ್ತಿದೆ, ಯಾವುದು ಕಪಾಟಿನಲ್ಲೇ ಉಳಿದಿದೆ ಎಂಬುದು ಅಂಗಡಿಯವನಿಗೆ ಗೊತ್ತಿರುತ್ತಿತ್ತು. ಚಿತ್ರಮಂದಿರದ ದಿನದ ಗಳಿಕೆ ಡಿ.ಸಿ.ಆರ್. ಹಾಳೆಯ ಮೂಲಕ ಹಂಚಿಕೆದಾರನನ್ನು ತಲುಪುತ್ತಿತ್ತು. ಅದರಲ್ಲಿ ಕಳ್ಳಲೆಕ್ಕವೇ ಇರಲಿಲ್ಲವೆಂದಲ್ಲ. ಆದರೆ ಅನುಮಾನವಿದ್ದವರು ಚಿತ್ರಮಂದಿರಕ್ಕೆ ತಮ್ಮ ಪ್ರತಿನಿಧಿಯನ್ನು ಕಳುಹಿಸಿ ತಲೆ ಎಣಿಸಬಹುದಿತ್ತು.

ಇಂದು ಗ್ರಾಹಕ ಏನು ನೋಡಿದ, ಎಲ್ಲಿ ನಿಲ್ಲಿಸಿದ, ಮತ್ತೆ ಏನನ್ನು ಹುಡುಕಿದ ಎಂಬುದೆಲ್ಲವೂ ವೇದಿಕೆಯ ಬಳಿ ದಾಖಲಾಗುತ್ತದೆ. ಅದರ ಆಧಾರದ ಮೇಲೆ ಪರದೆಯಲ್ಲಿ ಯಾವುದು ಮೊದಲು ಕಾಣಬೇಕೆಂದು ಅಲ್ಗಾರಿದಮ್ ಎಂಬ ಗಣನಸೂತ್ರ ನಿರ್ಧರಿಸುತ್ತದೆ. ಇದರಿಂದ ಹಳೆಯ ಕನ್ನಡ ಹಾಡುಗಳು ದೂರದೇಶದ ಕನ್ನಡಿಗರನ್ನೂ ಕ್ಷಣಮಾತ್ರದಲ್ಲಿ ತಲುಪುತ್ತಿರುವುದು ನಿಜಕ್ಕೂ ಲಾಭವೇ. ಆದರೆ ಸರಕು ತಯಾರಿಸಿದವನಿಗೆ ಈ ಲೆಕ್ಕದ ಪುಸ್ತಕ ಪೂರ್ಣವಾಗಿ ತೆರೆಯುವುದಿಲ್ಲ.

ಇದರ ಪರಿಣಾಮವನ್ನು ಕನ್ನಡ ನಿರ್ಮಾಪಕರು ಈಗಾಗಲೇ ಕಂಡಿದ್ದಾರೆ. ಚಿತ್ರಮಂದಿರಗಳು ಮುಚ್ಚಿದ್ದ 2020ರ ಜುಲೈನಲ್ಲಿ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಚಿತ್ರಗಳು ನೇರವಾಗಿ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾದಾಗ ಹೊಸ ಬಾಗಿಲು ತೆರೆಯಿತೆಂಬ ಆಶಾಭಾವನೆ ಮೂಡಿತ್ತು. ನಾಲ್ಕು ವರ್ಷಗಳ ನಂತರ, ರಕ್ಷಿತ್ ಶೆಟ್ಟಿಯವರ ಸಂಸ್ಥೆ ಪ್ರಸ್ತುತಪಡಿಸಿದ ಏಳು ಕಥೆಗಳ ಸರಣಿ 'ಏಕಂ'ಗೆ ಯಾವ ದೊಡ್ಡ ವೇದಿಕೆಯೂ ದೊರೆಯದೆ, 2024ರ ಜುಲೈನಲ್ಲಿ ಅದನ್ನು ಸ್ವಂತ ಜಾಲತಾಣದಲ್ಲೇ ಬಿಡುಗಡೆ ಮಾಡಬೇಕಾಯಿತು. ಕನ್ನಡಕ್ಕೆ ನೋಡುಗರಿಲ್ಲವೆಂದು ಯಾರಾದರೂ ಹೇಳಿದರೆ, ಅದನ್ನು ಅಲ್ಲಗಳೆಯಲು ಬೇಕಾದ ಅಂಕಿಅಂಶಗಳು ಹೇಳಿದವರ ಬಳಿಯೇ ಇವೆ!

ಒಳ್ಳೆಯ ಸರಕು ತಾನೇ ಗಿರಾಕಿಯನ್ನು ಹುಡುಕಿಕೊಳ್ಳುತ್ತದೆ ಎಂಬ ವಾದವಿದೆ. 2025ರಲ್ಲಿ 'ಸು ಫ್ರಮ್ ಸೋ' ಎಂಬ ಸಣ್ಣ ಬಂಡವಾಳದ ಚಿತ್ರ ಜನರ ಬಾಯಿಮಾತಿನಿಂದಲೇ ಗೆದ್ದದ್ದು ಸತ್ಯ. ಆದರೆ ಅದು ಗೆದ್ದದ್ದು ಚಿತ್ರಮಂದಿರದಲ್ಲಿ, ಸಾಲು ಕಣ್ಣಿಗೆ ಕಾಣುವ ಕಡೆ. ಗೋದಾಮಿನ ಮೂಲೆಯಲ್ಲಿಟ್ಟ ಸರಕು ಎಷ್ಟೇ ಉತ್ತಮವಾಗಿದ್ದರೂ ಗಿರಾಕಿಯ ಕಣ್ಣಿಗೆ ಬೀಳುವುದು ಹೇಗೆ?

ಪರಿಹಾರ ಅಸಾಧ್ಯವೇನಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಮಾರುಕಟ್ಟೆ ಮಾದರಿಯ ಜಾಲತಾಣಗಳು ಸರಕು ಹಾಗೂ ಮಾರಾಟಗಾರರ ಶ್ರೇಣಿಯನ್ನು ನಿರ್ಧರಿಸುವ ಮುಖ್ಯ ಮಾನದಂಡಗಳನ್ನು ಸರಳ ಭಾಷೆಯಲ್ಲಿ ತಿಳಿಸಬೇಕು. ಸ್ಟ್ರೀಮಿಂಗ್ ವೇದಿಕೆಗಳಿಗೆ ಅನ್ವಯಿಸುವ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ವಯೋಮಾನದ ವರ್ಗೀಕರಣ, ದೂರು ಪರಿಹಾರಗಳನ್ನು ಹೇಳುತ್ತವೆಯೇ ಹೊರತು ನಿರ್ಮಾಪಕನಿಗೆ ಲೆಕ್ಕ ತೋರಿಸುವ ಹೊಣೆಯನ್ನು ಹೇರುವುದಿಲ್ಲ. ಅಮೆರಿಕದ ಚಿತ್ರಕಥಾ ಲೇಖಕರು 2023ರಲ್ಲಿ 148 ದಿನ ಮುಷ್ಕರ ಹೂಡಿ, ವೀಕ್ಷಣೆಯ ಒಟ್ಟು ಗಂಟೆಗಳ ವಿವರವನ್ನು ತಮ್ಮ ಸಂಘಕ್ಕೆ ಕೊಡುವ ಒಪ್ಪಂದ ಪಡೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ತಾನಾಗಿಯೇ 18,000ಕ್ಕೂ ಹೆಚ್ಚು ಶೀರ್ಷಿಕೆಗಳ ವೀಕ್ಷಣಾವಧಿಯನ್ನು ಪ್ರಕಟಿಸಿತು. ಪುಸ್ತಕ ತೆರೆದರೆ ವ್ಯಾಪಾರ ಕೆಡುವುದಿಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಬಳೆ ಮಾರುವವನಿಗೆ ಕಾನೂನು ಕೊಟ್ಟಿರುವ ಹಕ್ಕನ್ನು ಹಾಡು, ಚಿತ್ರ ತಯಾರಿಸುವವನಿಗೂ ವಿಸ್ತರಿಸಬೇಕೆಂದು ವಾಣಿಜ್ಯ ಸಂಸ್ಥೆಗಳು ಚಲನಚಿತ್ರ ವಾಣಿಜ್ಯ ಮಂಡಳಿಯೊಡಗೂಡಿ ಕೇಂದ್ರ ಸರ್ಕಾರವನ್ನು ಒತ್ತಾಯಿಸುವುದು ಸೂಕ್ತ. ಮಾರುವವನಿಗೆ ತನ್ನ ಮಾರಾಟದ ಲೆಕ್ಕ ತಿಳಿಯಬೇಕೆಂಬುದು ಪೇಟೆಯ ಹಳೆಯ ನ್ಯಾಯ. ಅಂಗಡಿ ಪರದೆಯ ಮೇಲಿದ್ದ ಮಾತ್ರಕ್ಕೆ ಆ ನ್ಯಾಯ ಬದಲಾಗಬೇಕಿಲ್ಲ.